ಅರಿವು ಆಚಾರಕ್ಕಿಳಿದ ಬಗೆ
(ಗ್ರಾಮಾರೋಗ್ಯ ಸಂಸ್ಥೆಗಳೂ ಶೋಧನೆಯ ಪ್ರಮಾಣವೂ ಎಂಬ ವಿಷಯವಾಗಿ ಮಾಡಿದ ಉಪನ್ಯಾಸ)



ರೋಗಿಯ ಸೇವೆಯು ಪುಣ್ಯಕಾರ್ಯವೆಂಬುದನ್ನು ಈ ಸಭೆಗೆ ಹೊಸದಾಗಿ ಹೇಳಬೇಕಾದುದಿಲ್ಲ. ಹಸಿದವನಿಗೆ ಅನ್ನ, ದಣಿದವನಿಗೆ ನೆರಳು, ನೊಂದವನಿಗೆ ಮದ್ದು ಎಂಬುದು ಮಠದ ಅಂಗಳದಲ್ಲಿ ಬೆಳೆದವರೆಲ್ಲರೂ ಬಲ್ಲ ಮಾತು. ಆದರೆ ಅನ್ನಕ್ಕೂ ಮದ್ದಿಗೂ ಒಂದು ಭೇದವುಂಟು. ಅನ್ನವು ಹಸಿವನ್ನು ನೀಗಿತೋ ಇಲ್ಲವೋ ಎಂಬುದನ್ನು ಉಂಡವನು ಒಡನೆಯೇ ಹೇಳಬಲ್ಲನು. ಮದ್ದಿನಿಂದಲೇ ರೋಗವು ಇಳಿಯಿತೋ, ತಾನಾಗಿಯೇ ಇಳಿಯಿತೋ ಎಂಬುದನ್ನು ಕೊಟ್ಟವನೂ ಖಂಡಿತವಾಗಿ ಹೇಳಲಾರನು, ಕೊಂಡವನೂ ಹೇಳಲಾರನು. ಆದಕಾರಣ ಆರೋಗ್ಯದ ಕಾರ್ಯದಲ್ಲಿ ದಯೆಯೊಂದೇ ಸಾಲದು. ದಯೆಯ ಜೊತೆಗೆ ಪರೀಕ್ಷೆಯೂ ಬೇಕು. ಪರೀಕ್ಷಿಸಿ ಕಂಡುಕೊಂಡುದಕ್ಕೆ ಪ್ರಮಾಣವೆಂದು ಹೆಸರು. ಆ ಪ್ರಮಾಣವು ಪಂಡಿತರ ಪತ್ರಿಕೆಗಳಲ್ಲಿ ಮುದ್ರಿತವಾಗಿ ಕುಳಿತರೆ ಅದು ಬರಿಯ ಅರಿವು. ಬಡವನ ಗುಡಿಸಲಿಗೆ ನಡೆದು ಬಂದಾಗಲೇ ಅದು ಆಚಾರ. ಅರಿವು ಆಚಾರಕ್ಕಿಳಿಯುವ ಈ ದಾರಿಯನ್ನು ಕೆಲವು ಸೇವಾಸಂಸ್ಥೆಗಳು ಹೇಗೆ ನಡೆದವು ಎಂಬುದೇ ಇಂದಿನ ಉಪನ್ಯಾಸದ ವಿಷಯ.

ಮೊದಲು ವಂಗದೇಶದ ಒಂದು ಸಂಗತಿಯನ್ನು ನೋಡಬೇಕು. ವಾಂತಿಭೇದಿಯಿಂದ ಸಾಯುವವನು ರೋಗದ ವಿಷಕ್ಕಿಂತ ಹೆಚ್ಚಾಗಿ ಮೈಯೊಳಗಿನ ನೀರೂ ಉಪ್ಪೂ ಬತ್ತಿಹೋಗುವುದರಿಂದ ಸಾಯುತ್ತಾನೆ. ಉಪ್ಪಿನ ಜೊತೆಗೆ ಸಕ್ಕರೆಯನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿ ಕುಡಿಸಿದರೆ ಕರುಳು ಆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುವುದೆಂದು 1960ರ ದಶಕದ ಕೊನೆಯಲ್ಲಿ ಢಾಕಾ ಮತ್ತು ಕಲಕತ್ತೆಗಳಲ್ಲಿ ನಡೆದ ಶೋಧನೆಗಳಿಂದ ತಿಳಿದುಬಂದಿತ್ತು. ಆದರೂ ಬಹುಮಂದಿ ವೈದ್ಯರು ನರದ ಮೂಲಕ ಏರಿಸುವ ದ್ರವವನ್ನೇ ನಂಬಿದ್ದರು. 1971ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ನಿರಾಶ್ರಿತರಾದವರು ಗಡಿ ದಾಟಿ ಬಂದಾಗ ಬನಗಾಂವ್ ಎಂಬಲ್ಲಿಯ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೇರಿಸುವ ದ್ರವವು ಮುಗಿಯತೊಡಗಿತು. ಆಗ ಡಾಕ್ಟರ್ ದಿಲೀಪ್ ಮಹಲನಬೀಸರು ಉಪ್ಪು, ಗ್ಲೂಕೋಸ್, ಅಡಿಗೆಯ ಸೋಡಾ ಇವುಗಳನ್ನು ನೀರಿನಲ್ಲಿ ಕದಡಿಸಿ, ನಲ್ಲಿಯುಳ್ಳ ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಮೊದಲು ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತಲೂ ಕಡಿಮೆಗೆ ಇಳಿಯಿತು. ತಿಳಿದ ವಿಷಯವು ಮೂರು ವರ್ಷಗಳಿಂದ ಕೈಯಲ್ಲಿತ್ತು. ಅದನ್ನು ಮಡದಿಯೂ ಅಣ್ಣನೂ ಬಳಸಬಲ್ಲರೆಂಬ ನಂಬಿಕೆಯು ಮಾತ್ರ ಆವರೆಗೆ ಇರಲಿಲ್ಲ.

ಆದರೆ ಶಿಬಿರದಲ್ಲಿ ಆದುದು ಮನೆಮನೆಯಲ್ಲಿ ಆಗುವುದು ಹೇಗೆ? ಈ ಪ್ರಶ್ನೆಗೆ ಬಾಂಗ್ಲಾದೇಶದ ಬ್ರಾಕ್ ಎಂಬ ಸಂಸ್ಥೆಯು ಉತ್ತರವನ್ನು ಹುಡುಕಿತು. ಫಜಲೆ ಹಸನ್ ಆಬೇದರು 1972ರಲ್ಲಿ ಇದನ್ನು ಸ್ಥಾಪಿಸಿದರು. 1980ರಿಂದ 1990ರ ವರೆಗೆ ಇದರ ಸ್ತ್ರೀ ಕಾರ್ಯಕರ್ತರು ಸುಮಾರು 1 ಕೋಟಿ 20 ಲಕ್ಷ ಮನೆಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಲೆಕ್ಕವನ್ನು ತಾಯಂದಿರಿಗೆ ಕಲಿಸಿದರು. ಇಲ್ಲಿ ಗಮನಿಸತಕ್ಕದ್ದು ಕಲಿಸಿದುದಕ್ಕಿಂತ ಹೆಚ್ಚಾಗಿ ಪರೀಕ್ಷಿಸಿದುದನ್ನು. ಕಲಿಸಿದವಳು ಹಿಂತಿರುಗಿದ ಮೇಲೆ ಬೇರೊಬ್ಬ ಪರೀಕ್ಷಕನು ಆಯ್ದ ಕೆಲವು ಮನೆಗಳಿಗೆ ಹೋಗುತ್ತಿದ್ದನು. ತಾಯಿಯು ಎಷ್ಟು ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದಾಳೆಂದು ಕೇಳುತ್ತಿದ್ದನು. ಆಕೆ ಕಲಸಿದ ಪಾನಕದ ಉಪ್ಪನ್ನು ಅಳೆಯಿಸುತ್ತಿದ್ದನು. ತಾಯಂದಿರ ನೆನಪು ಎಷ್ಟೋ ಕಾರ್ಯಕರ್ತೆಯ ಸಂಬಳವೂ ಅಷ್ಟೇ.

ಇಷ್ಟಾದರೂ ತಾಯಂದಿರು ಲೆಕ್ಕವನ್ನು ತಪ್ಪಿಲ್ಲದೆ ಒಪ್ಪಿಸಿದರೇ ಹೊರತು ಮಗುವಿಗೆ ಭೇದಿಯಾದಾಗ ಪಾನಕವನ್ನು ಕುಡಿಸುವವರು ವಿರಳವಾಗಿದ್ದರು. ಸಂಸ್ಥೆಯು ಜನರನ್ನು ಮೂಢರೆಂದು ಜರೆದು ಸುಮ್ಮನಾಗದೆ ಕಾರಣವನ್ನು ಶೋಧಿಸಿತು. ಕಲಿಸುವ ಕಾರ್ಯಕರ್ತೆಯರಿಗೇ ಆ ಪಾನಕದಲ್ಲಿ ವಿಶ್ವಾಸವಿರಲಿಲ್ಲವೆಂದೂ, ಅವರ ಮನೆಯ ಕಾಯಿಲೆಗೆ ಅವರು ಬೇರೆ ಔಷಧಿಯನ್ನು ತರುತ್ತಿದ್ದರೆಂದೂ, ಮನೆಯ ಗಂಡಸರಿಗೆ ವಿಷಯವನ್ನೇ ತಿಳಿಸಿರಲಿಲ್ಲವೆಂದೂ ಕಂಡುಬಂದಿತು. ತಾನು ಆಚರಿಸದುದನ್ನು ಪರರಿಗೆ ಬೋಧಿಸಿದರೆ ಅದು ಕಿವಿಯನ್ನು ದಾಟಿ ಮನಸ್ಸಿಗೆ ಇಳಿಯದು. ಸಂಸ್ಥೆಯು ಕಾರ್ಯಕರ್ತೆಯರಿಗೆ ಪಾನಕವು ಕೆಲಸಮಾಡುವ ಕಾರಣವನ್ನು ವಿವರಿಸಿತು, ಗಂಡಸರೊಡನೆಯೂ ಮಾತನಾಡತೊಡಗಿತು, ಬಳಕೆಯು ಹೆಚ್ಚಿತು.

ಇನ್ನು ಕನ್ನಡನಾಡಿಗೆ ಹೆಚ್ಚು ದೂರವಲ್ಲದ ಮಹಾರಾಷ್ಟ್ರದ ಗಡಚಿರೋಲಿಯ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತವಾಗಿದೆ. ಚಂದ್ರಪುರದಿಂದ ಬೇರ್ಪಟ್ಟು 1982ರಲ್ಲಿ ಹುಟ್ಟಿದ ಈ ಜಿಲ್ಲೆಯು ದಟ್ಟವಾದ ಕಾಡಿನಿಂದಲೂ ಗೊಂಡ ಮೊದಲಾದ ವನವಾಸಿ ಜನರಿಂದಲೂ ಕೂಡಿದುದು. ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ಎಂಬ ದಂಪತಿಗಳು ಅಮೆರಿಕಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಲೋಕಾರೋಗ್ಯಶಾಸ್ತ್ರವನ್ನು ಅಭ್ಯಸಿಸಿ ಸ್ವದೇಶಕ್ಕೆ ಮರಳಿ, 1986ರಲ್ಲಿ ಇಲ್ಲಿ ಕೆಲಸಕ್ಕೆ ತೊಡಗಿದರು. ಅವರ ಸಂಸ್ಥೆಗೆ ಸರ್ಚ್ ಎಂದೂ ಅವರ ವಾಸಸ್ಥಾನಕ್ಕೆ ಶೋಧಗ್ರಾಮವೆಂದೂ ಹೆಸರು.

ಆರಂಭದಲ್ಲಿ ಅವರು ಕೈಗೊಂಡ ಶೋಧನೆಯು ರಕ್ತದ ಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಎಂಬ ಆನುವಂಶಿಕ ರೋಗವನ್ನು ಕುರಿತುದು. ರೋಗವು ಆ ಜನರಲ್ಲಿದೆಯೆಂಬುದು ಸಿದ್ಧವಾಯಿತು. ಆದರೆ ಜನರು ಅದರಲ್ಲಿ ಆಸಕ್ತಿಯನ್ನೇ ತೋರಲಿಲ್ಲ. ಅವರ ಸಂಕಟಗಳು ಬೇರೆಯಾಗಿದ್ದವು. ಅವನ್ನು ಯಾರೂ ಕೇಳಿರಲಿಲ್ಲ. ಅಂದಿನಿಂದ ಜನರ ಮೇಲೆ ಶೋಧನೆ ಮಾಡುವುದನ್ನು ಬಿಟ್ಟು ಜನರೊಡನೆ ಶೋಧನೆ ಮಾಡುವುದನ್ನು ದಂಪತಿಗಳು ನಿಯಮವಾಗಿ ಇಟ್ಟುಕೊಂಡರು. ಆಸ್ಪತ್ರೆಗೆ ಏಕೆ ಬರುವುದಿಲ್ಲವೆಂದು ಜನರನ್ನೇ ಕೇಳಿದರು. ದೊಡ್ಡ ಕಟ್ಟಡವೆಂದರೆ ಭಯ, ಬಂಧುಗಳನ್ನು ಹೊರಗೆ ನಿಲ್ಲಿಸುತ್ತಾರೆ, ಅಲ್ಲಿ ದೇವರಿಲ್ಲ ಎಂಬ ಉತ್ತರಗಳು ಬಂದವು. ಆದಕಾರಣ ಗುಡಿಸಲುಗಳ ಮಾದರಿಯಲ್ಲಿ, ಬಂಧುಗಳೂ ಜೊತೆಯಲ್ಲಿ ಉಳಿಯುವಂತೆ ಆಸ್ಪತ್ರೆಯನ್ನು ಕಟ್ಟಿಸಿ, ಆ ಜನರ ಆರಾಧ್ಯಳಾದ ದಂತೇಶ್ವರೀ ದೇವಿಯ ಹೆಸರನ್ನಿಟ್ಟರು. ಜನರು ಏನನ್ನು ಬಯಸುತ್ತಾರೆ ಎಂಬುದೂ ಪ್ರಮಾಣಗಳಲ್ಲಿ ಒಂದೆಂಬುದನ್ನು ಇದರಿಂದ ತಿಳಿಯಬೇಕು.

ಸ್ತ್ರೀಯರ ಗುಪ್ತವ್ಯಾಧಿಗಳನ್ನು ಕುರಿತು ಅಲ್ಲಿ ನಡೆದ ಶೋಧನೆಯು ಎರಡನೆಯದು. ಹಳ್ಳಿಯ ಹೆಂಗಸಿಗೆ ಗರ್ಭ ಮತ್ತು ಸಂತಾನನಿಯಂತ್ರಣ ಇವೆರಡರ ಹೊರತು ಬೇರೆ ಆರೋಗ್ಯವಿಚಾರವೇ ಇಲ್ಲವೆಂಬಂತೆ ಆ ಕಾಲದ ಯೋಜನೆಗಳಿದ್ದವು. ರಾಣಿ ಬಂಗರು ಎರಡು ಹಳ್ಳಿಗಳ 650 ಮಂದಿ ಸ್ತ್ರೀಯರನ್ನು ಪರೀಕ್ಷಿಸಿದರು. ನೂರಕ್ಕೆ 92 ಮಂದಿಯಲ್ಲಿ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಇಂಥ ಪರೀಕ್ಷೆಗೆ ಒಳಗಾದವರು ನೂರಕ್ಕೆ 8 ಮಂದಿ ಮಾತ್ರ. 1989ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಹಲವು ದೇಶಗಳ ವಿದ್ವಾಂಸರು ಬೆರಗಾದರು. ಆ ತಾಯಂದಿರು ಮಾತ್ರ ಬೆರಗಾಗಲಿಲ್ಲ. ಅವರು ಬಹುಕಾಲದಿಂದ ಮೌನವಾಗಿ ಸಹಿಸಿಕೊಂಡಿದ್ದುದು ಅದನ್ನೇ ಅಲ್ಲವೇ? ಲಜ್ಜೆಯಿಂದ ಮುಚ್ಚಿದ ನೋವಿಗೆ ಲೆಕ್ಕದ ರೂಪವು ಬಂದ ಮೇಲೆ ಅದನ್ನು ಇಲ್ಲವೆನ್ನುವುದು ಯಾರಿಗೂ ಸಾಧ್ಯವಾಗಲಿಲ್ಲ.

ಮೂರನೆಯದು ಮಕ್ಕಳ ನ್ಯೂಮೋನಿಯಾ. ಎಳೆಯ ಮಕ್ಕಳ ಸಾವಿಗೆ ಇದೇ ಒಂದು ಮುಖ್ಯ ಕಾರಣವಾಗಿತ್ತು. ಮಗುವಿನ ಉಸಿರಾಟದ ವೇಗದಿಂದ ಈ ರೋಗವನ್ನು ಗುರುತಿಸಬಹುದು: ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಸಲ, ಅದಕ್ಕಿಂತ ದೊಡ್ಡ ಕೂಸು 50 ಸಲ ಅಥವಾ ಇನ್ನೂ ಹೆಚ್ಚಾಗಿ ಉಸಿರಾಡಿದರೆ ಅಪಾಯವೆಂದು ತಿಳಿಯತಕ್ಕದ್ದು. ಆದರೆ ಅಕ್ಷರವನ್ನೇ ಅರಿಯದ ಸೂಲಗಿತ್ತಿಯು ಅರುವತ್ತರ ವರೆಗೆ ಎಣಿಸುವುದು ಹೇಗೆ? ಒಂದು ನಿಮಿಷದ ಮರಳುಗಡಿಯಾರವನ್ನೂ ಮಣಿಗಳ ಸಾಲನ್ನೂ ಕೂಡಿಸಿದ ಒಂದು ಮರದ ಸಾಧನವನ್ನು ಸಂಸ್ಥೆಯು ಮಾಡಿಕೊಟ್ಟಿತು. ಹತ್ತು ಉಸಿರಿಗೆ ಒಂದು ಮಣಿಯನ್ನು ಸರಿಸುವುದು. ಮರಳು ಮುಗಿಯುವುದರೊಳಗೆ ಕೆಂಪು ಮಣಿಯು ಬಂದರೆ ಔಷಧಿ ಕೊಡುವುದು. ಈ ಪದ್ಧತಿಯನ್ನು ಕೆಲವು ಹಳ್ಳಿಗಳಲ್ಲಿ ನಡೆಸಿ, ನಡೆಸದಿದ್ದ ಹಳ್ಳಿಗಳೊಡನೆ ಹೋಲಿಸಿದರು. ಐದು ವರ್ಷದೊಳಗಿನ 1000 ಮಕ್ಕಳಲ್ಲಿ ನ್ಯೂಮೋನಿಯಾದಿಂದ ಸತ್ತವರು ಒಂದು ಕಡೆ 8.1, ಇನ್ನೊಂದು ಕಡೆ 17.5. ಈ ಫಲಿತಾಂಶವು 1990ರಲ್ಲಿ ಪ್ರಕಟವಾಯಿತು.

ನಾಲ್ಕನೆಯದೂ ಎಲ್ಲಕ್ಕಿಂತ ಹಿರಿಯದೂ ಆದುದು ನವಜಾತ ಶಿಶುವಿನ ರಕ್ಷಣೆ. ಹುಟ್ಟಿದ ಮೊದಲ ಇಪ್ಪತ್ತೆಂಟು ದಿನಗಳಲ್ಲಿ ಸಾಯುವ ಕೂಸುಗಳನ್ನು ಉಳಿಸಲು ದೊಡ್ಡ ಆಸ್ಪತ್ರೆಯೂ ಬೆಲೆಯುಳ್ಳ ಯಂತ್ರಗಳೂ ಬೇಕೆಂದು ಆಗ ಎಲ್ಲರೂ ತಿಳಿದಿದ್ದರು. ಸಂಸ್ಥೆಯು ಮೊದಲು ಮಾಡಿದುದು ಬರಿಯ ವೀಕ್ಷಣೆ. 39 ಹಳ್ಳಿಗಳಲ್ಲಿ ಒಂದು ವರ್ಷದಲ್ಲಿ 763 ಕೂಸುಗಳನ್ನು ಹುಟ್ಟಿದ ಮನೆಯಲ್ಲಿಯೇ ಮತ್ತೆ ಮತ್ತೆ ನೋಡಿ ಬರೆದಿಟ್ಟರು. ನೂರಕ್ಕೆ 54 ಕೂಸುಗಳಿಗೆ ಚಿಕಿತ್ಸೆಯ ಅವಶ್ಯಕತೆಯಿತ್ತು. ವೈದ್ಯನ ಕಣ್ಣಿಗೆ ಬಿದ್ದವು ನೂರಕ್ಕೆ 3ನ್ನೂ ಮುಟ್ಟಲಿಲ್ಲ. ಆಸ್ಪತ್ರೆಯು ಎಷ್ಟೇ ಉತ್ತಮವಾಗಿದ್ದರೂ ಕೂಸು ಅಲ್ಲಿಗೆ ಹೋಗದಿದ್ದ ಮೇಲೆ ಏನು ಫಲ? ಕೂಸು ಆಸ್ಪತ್ರೆಗೆ ಬಾರದಿದ್ದರೆ ಚಿಕಿತ್ಸೆಯೇ ಕೂಸಿನ ಬಳಿಗೆ ಹೋಗಬೇಕು.

ಹೀಗೆ ನಿಶ್ಚಯಿಸಿ, ಐದರಿಂದ ಹತ್ತು ತರಗತಿಗಳ ವರೆಗೆ ಓದಿದ ಆಯಾ ಹಳ್ಳಿಯ ಹೆಂಗಸರನ್ನೇ ಆಯ್ದು ಶಿಕ್ಷಣವನ್ನಿತ್ತರು. ಹೆರಿಗೆಯ ಹೊತ್ತಿನಲ್ಲಿ ಸೂಲಗಿತ್ತಿಯ ಪಕ್ಕದಲ್ಲಿರುವುದು, ಉಸಿರಾಡದ ಕೂಸಿಗೆ ಉಸಿರನ್ನು ತರಿಸುವುದು, ತೂಕ ನೋಡುವುದು, ಮೈ ಬೆಚ್ಚಗಿಡುವುದು, ಮೊದಲ ಹಾಲನ್ನು ಚೆಲ್ಲದೆ ಕುಡಿಸುವಂತೆ ಮಾಡುವುದು, ಮತ್ತು ಮೈಗೆ ನಂಜೇರುವ ಸೆಪ್ಸಿಸ್ ಎಂಬ ರೋಗದ ಚಿಹ್ನೆಗಳನ್ನು ಗುರುತಿಸಿ, ತಾಯಿತಂದೆಗಳ ಒಪ್ಪಿಗೆಯಿಂದ ಸೂಜಿಮದ್ದನ್ನು ಕೊಡುವುದು ಇವರ ಕೆಲಸ. ಸೆಪ್ಸಿಸ್ ತಗುಲಿದ ಕೂಸುಗಳಲ್ಲಿ ಹಿಂದೆ ನೂರಕ್ಕೆ 16.6 ಸಾಯುತ್ತಿದ್ದವು, ಚಿಕಿತ್ಸೆಯು ಬಂದ ಮೇಲೆ 2.8 ಆಯಿತು. ಮೊದಲು 1000 ಜನನಗಳಿಗೆ 62ರಷ್ಟಿದ್ದ ನವಜಾತರ ಸಾವು ಚಿಕಿತ್ಸೆಯ ಮೂರನೆಯ ವರ್ಷದಲ್ಲಿ, ಅಂದರೆ 1997-98ರಲ್ಲಿ, 25.5ಕ್ಕೆ ಇಳಿಯಿತು. ಹೋಲಿಕೆಗಾಗಿ ಇಟ್ಟುಕೊಂಡ 47 ಹಳ್ಳಿಗಳಲ್ಲಿ ಅದು 60ರ ಆಸುಪಾಸಿನಲ್ಲಿಯೇ ನಿಂತಿತ್ತು. ನೋಡಿಕೊಂಡ ಪ್ರತಿ 18 ಕೂಸುಗಳಿಗೆ ಒಂದು ಸಾವು ತಪ್ಪಿತೆಂದು ಲೆಕ್ಕವು ತೋರಿಸಿತು. 1999ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದೆಲ್ಲವೂ ಪ್ರಕಟವಾಯಿತು.

ಇಲ್ಲಿ ಎರಡು ಆಕ್ಷೇಪಗಳು ಬರುವುದು ಸಹಜ. ಐದು ತರಗತಿ ಓದಿದ ಹಳ್ಳಿಯವಳ ಕೈಗೆ ಸೂಜಿಯನ್ನು ಕೊಡಬಹುದೇ ಎಂಬುದು ಮೊದಲನೆಯದು. ಈ ಸಂಶಯವು ದುರುದ್ದೇಶದಿಂದ ಹುಟ್ಟಿದುದಲ್ಲ; ಕೂಸಿನ ಮೇಲಿನ ಕಾಳಜಿಯೇ ಇದಕ್ಕೂ ಮೂಲ. ಆದರೆ ಇದಕ್ಕೆ ವಾದದಿಂದ ಉತ್ತರ ಕೊಡಲು ಬಾರದು. ಪರೀಕ್ಷೆಯೇ ಉತ್ತರವನ್ನು ಕೊಡಬೇಕು. ಆಕೆಯ ಕೈಯನ್ನು ಬೇಡವೆನ್ನುವವರು ಆ ಹಳ್ಳಿಗೆ ಬೇರೆ ಯಾವ ಕೈಯು ಬರುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದುದು. ಹೋಲಿಕೆಯ ಹಳ್ಳಿಗಳ ಕೂಸುಗಳಿಗೆ ಆ ಚಿಕಿತ್ಸೆಯನ್ನು ಏಕೆ ಕೊಡಲಿಲ್ಲ? ಅವೂ ಕೂಸುಗಳಲ್ಲವೇ? ಈ ಪ್ರಶ್ನೆಯು ಮನಸ್ಸನ್ನು ಚುಚ್ಚತಕ್ಕದ್ದೇ. ಚುಚ್ಚದಿದ್ದರೆ ಶೋಧಕನು ಮನುಷ್ಯನಲ್ಲ. ಇದಕ್ಕೆ ಹೇಳತಕ್ಕ ಸಮಾಧಾನವಿಷ್ಟು: ಆ ಹಳ್ಳಿಗಳಲ್ಲಿ ಸರ್ಕಾರದ ಸೇವೆಗಳು ಮೊದಲಿನಂತೆ ನಡೆದೇ ಇದ್ದವು; ಹೊಸ ಪದ್ಧತಿಯು ಕಾಪಾಡುವುದೋ ಕೆಡಿಸುವುದೋ ಎಂಬುದು ಆಗ ಯಾರಿಗೂ ಸಿದ್ಧವಾಗಿರಲಿಲ್ಲ; ಹೋಲಿಕೆಯಿಲ್ಲದೆ ಅದನ್ನು ಸಿದ್ಧಪಡಿಸುವಂತೆಯೂ ಇರಲಿಲ್ಲ. ಆದರೆ ಈ ಸಮಾಧಾನದೊಡನೆ ಒಂದು ಋಣವೂ ಹುಟ್ಟುತ್ತದೆ. ಸಿದ್ಧವಾದ ಮರುದಿನದಿಂದ ಅದನ್ನು ಎಲ್ಲರಿಗೂ ಮುಟ್ಟಿಸುವ ಭಾರವು ತಿಳಿದವರೆಲ್ಲರ ಹೆಗಲ ಮೇಲೆ ಬೀಳುತ್ತದೆ. ತಿಳಿದೂ ಕೊಡದಿದ್ದರೆ ಶೋಧನೆಯು ಪಾಪಕ್ಕೆ ತಿರುಗುತ್ತದೆ.

ಆ ಋಣವನ್ನು ತೀರಿಸುವ ದಾರಿಯು ಉದ್ದವಾಯಿತು. ಒಂದು ಕಡೆ ಗೆದ್ದುದು ಎಲ್ಲೆಡೆಯೂ ಗೆಲ್ಲುವುದೇ ಎಂದು ನೋಡುವುದಕ್ಕಾಗಿ ಮಹಾರಾಷ್ಟ್ರದ 7 ಸ್ಥಳಗಳಲ್ಲಿ ಬೇರೆ ಸಂಸ್ಥೆಗಳು ಈ ಪದ್ಧತಿಯನ್ನು ನಡೆಸಿ ನೋಡಿದವು. ಅಲ್ಲಿಯೂ ಸಾವು ಇಳಿಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹಲವು ರಾಜ್ಯಗಳಲ್ಲಿ ಪರೀಕ್ಷಿಸಿತು. ಕಡೆಗೆ 2011ರಲ್ಲಿ ಭಾರತ ಸರ್ಕಾರವು ಮನೆಯಲ್ಲಿ ನವಜಾತರ ಆರೈಕೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ದೇಶಕ್ಕೆಲ್ಲ ವಿಧಿಸಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಆರು ಸಲ, ಮನೆಯಲ್ಲಿ ಹುಟ್ಟಿದ ಕೂಸಿಗೆ ಮೊದಲ ದಿನವನ್ನೂ ಸೇರಿಸಿ ಏಳು ಸಲ ಆಕೆ ಹೋಗತಕ್ಕದ್ದು. ಕರ್ನಾಟಕದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯು ತಕ್ಕಡಿಯನ್ನೂ ಉಷ್ಣಮಾಪಕವನ್ನೂ ಹಿಡಿದು ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಲ್ಲುವುದು ಗಡಚಿರೋಲಿಯ ಆ ಲೆಕ್ಕದ ಪುಸ್ತಕಗಳಿಂದ ಹೊರಟ ದಾರಿಯ ಕೊನೆಯಲ್ಲಿ. ಆದರೆ ದಾರಿಯಲ್ಲಿ ಕೆಲವು ಅಂಶಗಳು ಉದುರಿಯೂ ಹೋದವು. ಗಡಚಿರೋಲಿಯಲ್ಲಿ ಸಾವನ್ನು ತಗ್ಗಿಸಿದ ಸೂಜಿಮದ್ದನ್ನು ದೇಶದ ಯೋಜನೆಯು ಆಶಾಳ ಕೈಗೆ ಕೊಡಲಿಲ್ಲ. 2014ರಲ್ಲಿ ಕೆಲವು ಸಂದರ್ಭಗಳಿಗೆ ಮಾತ್ರ ದಾದಿಯರಿಗೆ ಆ ಅನುಮತಿಯು ದೊರೆಯಿತು. ಪ್ರಮಾಣವನ್ನು ಅಂಗೀಕರಿಸುವಾಗ ಅರ್ಧವನ್ನು ಕೈಬಿಟ್ಟರೆ ಪೂರ್ಣಫಲವನ್ನು ಅಪೇಕ್ಷಿಸಲಾಗದೆಂಬುದನ್ನು ಆಡಳಿತಗಾರರು ಮರೆಯಬಾರದು.

ಕನ್ನಡನಾಡಿನಲ್ಲಿಯೂ ಇಂಥ ಕಾರ್ಯಕ್ಕೆ ನಿದರ್ಶನವುಂಟು. ಡಾಕ್ಟರ್ ಎಚ್. ಸುದರ್ಶನರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನೂ, 1986ರಲ್ಲಿ ಯಳಂದೂರು ತಾಲ್ಲೂಕಿನ ಕುಷ್ಠರೋಗವನ್ನು ನಿವಾರಿಸುವುದಕ್ಕಾಗಿ ಕರುಣಾ ಟ್ರಸ್ಟನ್ನೂ ಸ್ಥಾಪಿಸಿದರು. ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟರೆ ಕುಷ್ಠವು ಗುಣವಾಗುವುದೆಂದು ಶೋಧನೆಯಿಂದ ಆಗಲೇ ತಿಳಿದುಬಂದಿತ್ತು. ಮನೆಮನೆಯನ್ನು ಹುಡುಕಿ ರೋಗಿಯನ್ನು ಕಂಡುಹಿಡಿದು, ಆತನು ಮದ್ದನ್ನು ನಡುವೆ ನಿಲ್ಲಿಸದಂತೆ ನೋಡಿಕೊಳ್ಳುವುದು ಉಳಿದ ಕೆಲಸವಾಗಿತ್ತು. ಒಂದು ರೋಗವನ್ನು ಹುಡುಕುತ್ತ ಹೋದವರಿಗೆ ಅಪಸ್ಮಾರವೇ ಮೊದಲಾದ ಬೇರೆ ವ್ಯಾಧಿಗಳೂ ಕಂಡುಬಂದವು. ಕಂಡುದನ್ನು ಕಾಣದಂತೆ ಬಿಡದೆ ಅವುಗಳ ಚಿಕಿತ್ಸೆಯನ್ನೂ ಸೇರಿಸಿಕೊಂಡರು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯಕೇಂದ್ರದ ನಿರ್ವಹಣೆಯನ್ನೂ ಟ್ರಸ್ಟು ವಹಿಸಿಕೊಂಡಿತು.

ಇಷ್ಟು ದೃಷ್ಟಾಂತಗಳಿಂದ ತಿಳಿಯತಕ್ಕದ್ದೇನು? ಮೊದಲನೆಯದಾಗಿ, ಹುಟ್ಟನ್ನೂ ಸಾವನ್ನೂ ಪ್ರಾಮಾಣಿಕವಾಗಿ ಬರೆದಿಡದ ಊರಿನಲ್ಲಿ ಯಾವ ಶೋಧನೆಯೂ ಬೇರೂರದು. ಗಡಚಿರೋಲಿಯಲ್ಲಿ ಹಳ್ಳಿಯ ಕಾರ್ಯಕರ್ತನು ಬರೆದುದನ್ನು ಆರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಮತ್ತೆ ತಾಳೆನೋಡುತ್ತಿದ್ದರು. ಎರಡು ದಿನ ಬದುಕಿ, ಹೆಸರನ್ನೂ ಪಡೆಯದೆ ಹೋದ ಕೂಸನ್ನು ಲೆಕ್ಕಕ್ಕೆ ಸೇರಿಸುವುದು ಕಠಿಣಹೃದಯದ ಕೆಲಸವಲ್ಲ. ಅದೂ ಒಂದು ಜೀವವಾಗಿತ್ತೆಂದು ಲೋಕದ ಮುಂದೆ ಸಾಕ್ಷಿ ನುಡಿಯುವ ಕೆಲಸ. ಎರಡನೆಯದಾಗಿ, ಪ್ರಮಾಣವನ್ನು ಕೇಳುವುದು ಅವಿನಯವಲ್ಲ. ಆರೋಗ್ಯಶಿಬಿರವನ್ನು ನಡೆಸುವವರನ್ನು, ಮದ್ದನ್ನು ಹಂಚುವವರನ್ನು, ಇದರಿಂದ ಎಷ್ಟು ಮಂದಿಗೆ ಗುಣವಾಯಿತು, ಇದಿಲ್ಲದಿದ್ದರೆ ಎಷ್ಟು ಮಂದಿಗೆ ಆಗುತ್ತಿತ್ತು ಎಂದು ಭಕ್ತರು ಕೇಳಬಹುದು, ಕೇಳಬೇಕು. ಬಂದ ಜನರ ಸಂಖ್ಯೆಯೂ ಹಂಚಿದ ಗುಳಿಗೆಗಳ ಸಂಖ್ಯೆಯೂ ಈ ಪ್ರಶ್ನೆಗೆ ಉತ್ತರವಾಗಲಾರವು. ಮೂರನೆಯದಾಗಿ, ಪ್ರಮಾಣವು ಸಿದ್ಧವಾದ ಮೇಲೆ ಹಳೆಯ ರೂಢಿಯನ್ನು ಬಿಡುವ ಧೈರ್ಯ ಬೇಕು. ಮೊದಲ ಹಾಲನ್ನು ಹಿಂಡಿ ಚೆಲ್ಲುವ ಮನೆಗಳು ಇನ್ನೂ ಉಂಟು. ಹುಟ್ಟಿದೊಡನೆ ಕೂಸಿಗೆ ನೀರೆರೆದು ಮೈ ತಣ್ಣಗಾಗಿಸುವ ಮನೆಗಳೂ ಉಂಟು. ಹಿರಿಯರು ಮಾಡಿದರೆಂಬ ಒಂದೇ ಕಾರಣದಿಂದ ಇವನ್ನು ಮುಂದುವರಿಸುವುದು ಹಿರಿಯರಿಗೆ ಗೌರವವಲ್ಲ. ಅವರಾದರೂ ಕೂಸು ಬದುಕಲೆಂದೇ ಅಲ್ಲವೇ ತಮಗೆ ತಿಳಿದುದನ್ನು ಮಾಡಿದುದು?

ಭಕ್ತರು ತಮ್ಮ ತಮ್ಮ ಊರುಗಳಿಗೆ ಮರಳಿದಾಗ ಮಾಡಬಹುದಾದ ಕೆಲಸವು ದೊಡ್ಡದೇನೂ ಅಲ್ಲ. ಬಾಣಂತಿಯಿರುವ ಮನೆಗೆ ಆಶಾ ಕಾರ್ಯಕರ್ತೆಯು ಬಂದಾಗ ಬಾಗಿಲಲ್ಲಿ ನಿಲ್ಲಿಸಿ ಕಳುಹಿಸದೆ ಒಳಗೆ ಕರೆದು ಕೂಸನ್ನು ತೋರಿಸಬೇಕು. ಆಕೆ ಬಾರದಿದ್ದರೆ ಏಕೆ ಬರಲಿಲ್ಲವೆಂದು ಕೇಳಬೇಕು. ಆಕೆಯ ಜಾತಿಯನ್ನಾಗಲಿ ಓದನ್ನಾಗಲಿ ನೋಡಿ ಹಗುರಾಗಿ ಕಾಣಬಾರದು. ಆಕೆಯ ಚೀಲದಲ್ಲಿರುವ ತಕ್ಕಡಿಯ ಹಿಂದೆ ಹಲವು ವರ್ಷಗಳ ಶೋಧನೆಯೂ ನೂರಾರು ತಾಯಂದಿರ ಕಣ್ಣೀರೂ ಇವೆ. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆಯ ನೀರನ್ನು ಒಡನೆಯೇ ಕುಡಿಸತೊಡಗಬೇಕು. ವೇಗವಾಗಿ ಉಸಿರಾಡುವ ಕೂಸನ್ನು ನಾಳೆ ನೋಡೋಣವೆನ್ನದೆ ಇಂದೇ ಆಸ್ಪತ್ರೆಗೆ ಒಯ್ಯಬೇಕು. ಊರಿನ ಹುಟ್ಟುಸಾವುಗಳನ್ನು ತಪ್ಪದೆ ನೋಂದಾಯಿಸಬೇಕು.

ಅರಿತವರು ಅರಿತುದನ್ನು ಪರೀಕ್ಷಿಸಲಿ, ಪರೀಕ್ಷಿಸಿದುದನ್ನು ಹಂಚಲಿ, ಪಡೆದವರು ಅದನ್ನು ಆಚರಿಸಲಿ. ಹುಟ್ಟಿದ ಕೂಸುಗಳು ತೊಟ್ಟಿಲಲ್ಲಿ ಬೆಳೆದು ಅಂಗಳದಲ್ಲಿ ಆಡುವಂತಾಗಲಿ. ಶುಭಂ ಭೂಯಾತ್.